ಸಾಲ ಅಲ್ಲ, ಚಿಲ್ಲರೆ

ಮಕ್ಕಳು ಒಬ್ಬರಿಂದೊಬ್ಬರು ಗಣಿತ ಕಲಿಯುವ ಬಗೆ ನನ್ನ ಸಂಶೋಧನೆಯ ವಿಷಯ. ಹಾಗೆ ಹೇಳಿಕೊಳ್ಳುವಾಗಲೆಲ್ಲ ಒಳಗೇ ನಗು ಬರುತ್ತದೆ. ಮೂರನೇ ಕ್ಲಾಸಿನಲ್ಲಿ ಪಕ್ಕದವಳ ಸ್ಲೇಟು ನೋಡಿದ್ದಕ್ಕೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅಂದಿನಿಂದ ಎಡಗೈ ಅಡ್ಡ ಇಟ್ಟುಕೊಂಡೇ ಲೆಕ್ಕ ಮಾಡುತ್ತಿದ್ದೆ.

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ಹಳ್ಳಿಯೊಂದರ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಕೂತಿದ್ದೆ. ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಸಹಪಾಠಿಗಳದೇ ನೆರವು.

ಎರಡನೇ ತರಗತಿಯ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆದಿದ್ದಳು. 2ರಲ್ಲಿ 7 ಹೋಗದ್ದರಿಂದ ತಿರುಗಿಸಿ 7ರಲ್ಲೇ 2 ಕಳೆದಿದ್ದಳು. ಸುಮ್ಮನೆ ನೋಡುವುದಷ್ಟೇ ನನ್ನ ಕೆಲಸ. ಆದರೂ ತಡೆಯಲಾಗದೆ, ನನಗೆ ಕಲಿಸಿದ್ದಂತೆಯೇ, "ಪಕ್ಕದ ಮನೆಯಿಂದ ಹತ್ತು ಸಾಲ ತಗೋ" ಎಂದೆ.

"ವಾಪಸ್ ಯಾವಾಗ ಕೊಡ್ಬೇಕು ಮಿಸ್?"

ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಸಾಲ ತಂದಿದ್ದೆ, ತೀರಿಸುವ ಯೋಚನೆಯೇ ಬಂದಿರಲಿಲ್ಲ.

ಪಕ್ಕದಲ್ಲಿದ್ದ ಮೂರನೇ ತರಗತಿಯವಳು ಬಾಯಿ ಹಾಕಿದಳು: "ಸಾಲ ಅಲ್ಲ ಕಣೇ, ಚಿಲ್ರೆ. ನಿನ್ ಹತ್ರ ಹತ್ತರ ನೋಟು ನಾಕು, ಒಂದ್ರೂಪಾಯಿ ಎರಡು. ಅಂಗ್ಡೀಲಿ ಹದಿನೇಳು ಹೆಂಗ್ ಕೊಡ್ತೀಯ?"

"ಒಂದ್ ನೋಟು ಮುರಿಸ್ತೀನಿ."

"ಈಗ ಚಿಲ್ರೆ ಎಷ್ಟು?"

"ಹನ್ನೆರಡು." ಚಿಕ್ಕವಳು ಬೆರಳು ಮಡಿಸಿ, 35 ಅಳಿಸಿ, 25 ಬರೆದಳು. ಹೇಳಿಕೊಟ್ಟವಳು ತನ್ನ ಲೆಕ್ಕದ ಕಡೆ ತಿರುಗಿದಳು. ನೋಟು ಮುರಿಸಿದ ಮೇಲೆ ಒಂದು ಕಡಿಮೆಯಾಗಬೇಕಿತ್ತಲ್ಲ, ಅದು ಅವಳಲ್ಲೇ ತಪ್ಪಿತ್ತು. ಮೆಲ್ಲನೆ ತಿದ್ದಿಕೊಂಡಳು.

ಬಲ್ಲ ಗೆಳೆಯರ ನೆರವಿನಿಂದ ಮಗು ಇಂದು ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ ಎಂಬ ವೈಗಾಟ್‌ಸ್ಕಿಯ ವಿಚಾರವನ್ನು ನಾನು ಓದಿದ್ದೆ. ಹೇಳಿಕೊಡುವ ಮಗುವೂ ಕಲಿಯುವುದನ್ನು ಅಂದು ಕಣ್ಣಾರೆ ಕಂಡೆ.

ಆಚೆ ಗುಂಪಿನಲ್ಲಿ ಒಬ್ಬ ಹುಡುಗ ಉತ್ತರ ಹೇಳುತ್ತಿದ್ದ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಒಟ್ಟಿಗೆ ಕಲಿತಂತಲ್ಲ. ನನ್ನ ಹಾಳೆಯಲ್ಲಿ ಮಾತ್ರ "ಸಹಪಾಠಿಯ ನೆರವು: ಹೌದು/ಇಲ್ಲ" ಎಂಬ ಒಂದೇ ಸಾಲಿತ್ತು. ಎರಡೂ ಗುಂಪಿಗೆ "ಹೌದು" ಎಂದೇ ಗುರುತು ಹಾಕಿದ್ದೆ.

ಆ ಹಾಳೆಗಳನ್ನು ಬದಿಗಿಟ್ಟೆ. ಮರುದಿನದಿಂದ ಮಕ್ಕಳ ಮಾತನ್ನೇ ಬರೆದುಕೊಳ್ಳತೊಡಗಿದೆ. ಚಿಕ್ಕವಳು ಬಗ್ಗಿ, "ಏನ್ ಬರೀತಿದೀರ ಮಿಸ್?" ಎಂದಳು. ಎಡಗೈ ತಾನಾಗಿ ಹಾಳೆಗೆ ಅಡ್ಡ ಬಂದಿತ್ತು.

ತೆಗೆದೆ. ಅವಳು ಓದಿದಳು.