ತಪ್ಪಿಹೋದ ಸುದ್ದಿ

ದೇವನಹಳ್ಳಿ ಕಡೆ ಹೋದಾಗಲೆಲ್ಲ ನಾವು ಬೈಕ್ ನಿಲ್ಲಿಸಿ ವಿಮಾನ ನೋಡ್ತೀವಿ. ಮೂವತ್ತು ದಾಟಿದರೂ ಆ ಚಟ ಬಿಟ್ಟಿಲ್ಲ. 2022ರ ಜನವರಿ 7ರ ಬೆಳಗಿನ ಕಥೆ ತಿಳಿದ ಮೇಲೆ ಮಾತ್ರ ನೋಡೋ ಕಣ್ಣೇ ಬೇರೆಯಾಯ್ತು.

ಅವತ್ತು ಬೆಂಗಳೂರು ವಿಮಾನ ನಿಲ್ದಾಣದ ಅಕ್ಕಪಕ್ಕದ ಎರಡು ರನ್‌ವೇಗಳಿಂದ ಎರಡು ವಿಮಾನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಎದ್ದವು. ಒಂದು ಕೋಲ್ಕತ್ತಾಗೆ, ಇನ್ನೊಂದು ಭುವನೇಶ್ವರಕ್ಕೆ. ಒಳಗೆ 400ಕ್ಕೂ ಹೆಚ್ಚು ಜನ. ದಕ್ಷಿಣದ ರನ್‌ವೇ ಮುಚ್ಚೋದು ಅಂತ ತೀರ್ಮಾನವಾಗಿತ್ತು. ಆ ಮಾತು ದಕ್ಷಿಣ ಟವರಿನವರಿಗೆ ಮುಟ್ಟಿರಲೇ ಇಲ್ಲ. ಎರಡೂ ಕಡೆಯವರು ಹೊರಡಿ ಅಂದುಬಿಟ್ಟರು. ಮೇಲೇರಿದ ವಿಮಾನಗಳು ಒಂದರತ್ತ ಒಂದು ಸರಿಯುತ್ತಿದ್ದವು. ರಾಡಾರ್ ಮುಂದೆ ಕೂತಿದ್ದವರು ಕಂಡು ದಿಕ್ಕು ಬದಲಿಸಲು ಹೇಳಿದರು. ಬಚಾವ್.

1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಮೇಲೆ ಹಾಗಾಗಲಿಲ್ಲ. 349 ಜನ ಹೋದರು. ಬಿದ್ದದ್ದು ರೈತರ ಹೊಲಗಳ ಮೇಲೆ.

ನಮ್ಮನ್ನು ಕಾಡೋದು ಇನ್ನೊಂದು. ಬೆಂಗಳೂರಿನ ಈ ಘಟನೆ ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲ. ಹೊರಗೆ ಬಂದದ್ದು ಹನ್ನೆರಡು ದಿನ ಬಿಟ್ಟು. ಬೈಯೋಣ ಅಂದ್ರೆ ಸ್ಟ್ರಿಂಗರ್‌ಗಳಾದ ನಾವೂ ಹಂಗೇ. ಬಸ್ಸು ಹಳ್ಳಕ್ಕೆ ಬಿದ್ದರೆ ಓಡ್ತೀವಿ, ಬೀಳೋದು ತಪ್ಪಿದರೆ ಫೋನ್ ಇಟ್ಟುಬಿಡ್ತೀವಿ. "ಎಷ್ಟು ಜನ ಸತ್ರು?" ಅಂತಾರೆ ಡೆಸ್ಕಿನವರು. ಯಾರೂ ಇಲ್ಲ ಅಂದ್ರೆ ಮುಗೀತು.

ಹೋದ ವರ್ಷ ನಮ್ಮೂರ ಗೇಟಿನ ಹತ್ತಿರ ಶಾಲೆ ಮಕ್ಕಳ ಟೆಂಪೋ ಲಾರಿಯಿಂದ ಕೂದಲೆಳೆಯಲ್ಲಿ ಪಾರಾಯ್ತು. ನಾವು ಬರೆಯಲಿಲ್ಲ. ಆ ತಿರುವಿಗೆ ಇನ್ನೂ ರೋಡ್ ಹಂಪ್ ಬಂದಿಲ್ಲ.