ಎಲೆಮರೆಯ ಗೂಡು

ನಿವೃತ್ತರಾದ ಮೇಲೆ ನಮಗೆ ಛಾಯಾಚಿತ್ರ ತೆಗೆಯುವ ಹವ್ಯಾಸ ಅಂಟಿಕೊಂಡಿತು. ಮಗ ಕೊಡಿಸಿದ ಕ್ಯಾಮರಾ, ಧಾರವಾಡದ ನಮ್ಮ ಮನೆಯ ಹಿತ್ತಲು, ಅಲ್ಲಿಗೆ ಬರುವ ಹಕ್ಕಿಗಳು. ಇಷ್ಟೇ ನಮ್ಮ ಬಂಡವಾಳ. ಈ ಹವ್ಯಾಸ ನಮಗೆ ಬಹಳ ಸಂತೋಷವನ್ನು ಕೊಟ್ಟಿದೆ. ಒಮ್ಮೆ ತಲೆ ತಗ್ಗಿಸುವಂತೆಯೂ ಮಾಡಿದೆ. ಆ ಸಂಗತಿಯನ್ನು ಓದುಗ ಬಂಧುಗಳ ಮುಂದೆ ಹೇಳಿಕೊಳ್ಳುವುದು ಲೇಸೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಎರಡು ವರ್ಷಗಳ ಹಿಂದೆ ಅಡುಗೆಮನೆಯ ಕಿಟಕಿಯಾಚೆ ಇರುವ ದಾಸವಾಳದ ಗಿಡದಲ್ಲಿ ಪಿಕಳಾರ ಜೋಡಿಯೊಂದು ಗೂಡು ಕಟ್ಟಿತು. ತಲೆಯ ಮೇಲೆ ಕರಿಯ ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು. ಬಟ್ಟಲಿನಂತಹ ಗೂಡಿನಲ್ಲಿ ಎರಡು ಮರಿಗಳು. ತಾಯಿಹಕ್ಕಿ ಗುಟುಕು ಕೊಡುವ ಚಿತ್ರವನ್ನು ತೆಗೆಯಬೇಕೆಂಬ ಹಂಬಲ ನಮಗೆ. ಆದರೆ ಗೂಡಿನ ಮುಂದೆ ಎಲೆಗಳ ಗೊಂಚಲು. ಗುಂಡಿಯನ್ನು ಅರ್ಧ ಒತ್ತಿದಾಗಲೆಲ್ಲ ಕ್ಯಾಮರಾ ತಾನಾಗಿಯೇ ಮುಂದಿನ ಎಲೆಯನ್ನು ಹಿಡಿಯುತ್ತಿತ್ತು. ಎಲೆಯ ನರನರವೂ ಸ್ಪಷ್ಟ, ಹಿಂದಿನ ಹಕ್ಕಿ ಬರಿಯ ಮಸುಕು.

ನಾಲ್ಕು ದಿನ ಹೀಗೆ ಕಳೆದ ಮೇಲೆ ತಾಳ್ಮೆಗೆಟ್ಟು ಎರಡು ರೆಂಬೆಗಳನ್ನು ಕತ್ತರಿಸಿಬಿಟ್ಟೆವು. ಚಿತ್ರವೇನೋ ಚೆನ್ನಾಗಿಯೇ ಬಂದಿತು. ಮರುದಿನ ಮುಂಜಾನೆ ಕಾಗೆಗಳ ಗದ್ದಲ ಕೇಳಿ ಹೊರಗೆ ಹೋಗಿ ನೋಡಿದರೆ ಗೂಡು ಬರಿದಾಗಿತ್ತು. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳುವನ್ನು ಹಿಡಿದುಕೊಂಡೇ ಗಿಡದ ಸುತ್ತ ಹಾರಾಡುತ್ತಿತ್ತು. “ಮರಿ ಎಲ್ಲಿ ಹೋದ್ವು ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು. “ಹಾರಿ ಹೋದವು” ಎಂದು ಸುಳ್ಳು ಹೇಳಿದೆವು. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಬಾಡಿದ ರೆಂಬೆಗಳನ್ನು ಸುಮ್ಮನೆ ಗುಡಿಸಿ ಹಾಕಿದರು. ನಾವು ಅಡ್ಡಿಯೆಂದು ಭಾವಿಸಿದ ಎಲೆಗಳು ಆ ಸಂಸಾರಕ್ಕೆ ಬಾಗಿಲಾಗಿದ್ದವು.

ಮುಂದೆ ಕೆಲವು ತಿಂಗಳು ಕ್ಯಾಮರಾ ಕಪಾಟಿನಲ್ಲಿಯೇ ಉಳಿಯಿತು. ಆ ಬಳಿಕ ಬಂಧುಗಳ ಜೊತೆಯಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗುವ ಪ್ರಸಂಗ ಬಂದಿತು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಊರು ಅದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಊರವರು ಅವುಗಳನ್ನು ಕಾಯುತ್ತಾರೆ. ಅಲ್ಲಿ ರೆಂಬೆ ಕಡಿಯುವ ಮಾತೇ ಇಲ್ಲ. ಹಾಗಾದರೆ ಚಿತ್ರ ತೆಗೆಯುವುದು ಹೇಗೆ ಎಂದು ಅಲ್ಲಿಗೆ ಬಂದಿದ್ದ ತರುಣರೊಬ್ಬರನ್ನು ಕೇಳಿದೆವು. ಅವರು ನಕ್ಕು, ನಮ್ಮ ಮಸೂರದ ಮಗ್ಗುಲಲ್ಲಿದ್ದ ಪುಟ್ಟ ಗುಂಡಿಯನ್ನು ಸರಿಸಿ, “ಇನ್ನು ಕ್ಯಾಮರಾ ಹುಡುಕುವುದಿಲ್ಲ, ನೀವೇ ಹುಡುಕಬೇಕು ಸರ್” ಎಂದರು.

ಅವರು ಕಲಿಸಿದ ಕ್ರಮ ಸರಳವಾದುದು. ಸ್ವಯಂಚಾಲಿತ ಫೋಕಸ್ಸಿಗೆ ಎಲೆ ಬೇಕೋ ಹಕ್ಕಿ ಬೇಕೋ ತಿಳಿಯದು. ಹತ್ತಿರದಲ್ಲಿ ಎದ್ದು ಕಾಣುವುದನ್ನೇ ಅದು ಬಹುಮಟ್ಟಿಗೆ ಹಿಡಿಯುತ್ತದೆ. ಅದನ್ನು ನಿಲ್ಲಿಸಿ ಮಸೂರದ ಉಂಗುರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಮೊದಲು ಎಲೆ ಸ್ಫುಟವಾಗುತ್ತದೆ, ಬಳಿಕ ಕರಗುತ್ತದೆ, ಅದರ ಹಿಂದಿನಿಂದ ಹಕ್ಕಿ ಮೂಡುತ್ತದೆ. ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ, ಕಣ್ಣು ಚೂಪಾಗಿ ಕಾಣುವಲ್ಲಿ ಉಂಗುರವನ್ನು ನಿಲ್ಲಿಸಬೇಕು. ಆಮೇಲೆ ಗಾಳಿಗೆ ಎಲೆ ಅಲುಗಿದರೂ ಫೋಕಸ್ ಕದಲದು. ಆದರೆ ಹಕ್ಕಿಯಾಗಲಿ ನಾವಾಗಲಿ ಹಿಂದೆ ಮುಂದೆ ಸರಿದರೆ ಮತ್ತೆ ಹೊಂದಿಸಬೇಕಾಗುತ್ತದೆ. ಮಸೂರದ ಕಿಂಡಿಯನ್ನು ಅಗಲವಾಗಿ, ಎಫ್ 4 ಅಥವಾ 5.6ರಲ್ಲಿ ಇಡಬೇಕು. ಮಸೂರವು ಅಡ್ಡಿಗೆ ಎಷ್ಟು ಸಮೀಪವಾಗಿದ್ದು, ಹಕ್ಕಿಯು ಅಡ್ಡಿಯಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಅಡ್ಡಿ ತೆಳುವಾದ ಹೊಗೆಯಂತಾಗಿ ಅಳಿದುಹೋಗುತ್ತದೆ.

ಈ ವರ್ಷ ಅದೇ ದಾಸವಾಳಕ್ಕೆ ಪಿಕಳಾರಗಳು ಮತ್ತೆ ಬಂದವು. ಕ್ಯಾಮರಾವನ್ನು ಹೊರತೆಗೆಯುವ ಮುನ್ನ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹಿಂದಿನ ಸುಳ್ಳನ್ನು ಒಪ್ಪಿಕೊಂಡೆವು. ಮಗು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಈ ಸಲ ಎಲಿ ಮುಟ್ಟಬ್ಯಾಡ ಅಜ್ಜಾ” ಎಂದಳು.

ಮುಟ್ಟಲಿಲ್ಲ. ಅಡುಗೆಮನೆಯ ಒಳಗಿನಿಂದಲೇ, ಸೊಳ್ಳೆಯ ಜಾಲರಿಗೆ ಮಸೂರವನ್ನು ತಾಗುವಷ್ಟು ಹತ್ತಿರ ಹಿಡಿದು, ಫ್ಲಾಷ್ ಬಳಸದೆ ಕಾದೆವು. ದಿನಕ್ಕೆ ಕೆಲವು ನಿಮಿಷ ಮಾತ್ರ. ಜಾಲರಿ ಕಾಣದಾಯಿತು, ಎಲೆಗಳು ಹಸಿರು ಮಂಜಾದವು, ಅದರ ನಡುವೆ ತಾಯಿಯ ಕಣ್ಣು ಮಿನುಗಿತು. ಚಿತ್ರದ ಒಂದು ಮೂಲೆ ಮಬ್ಬಾಗಿದೆ. ಅದನ್ನು ನೋಡಿದವರು ದೋಷವೆನ್ನುತ್ತಾರೆ. ಮರಿಗಳನ್ನು ಕಾಯ್ದ ಎಲೆ ಅದು ಎಂಬುದು ನಮಗೆ ಗೊತ್ತು.

ಒಂದು ಬೆಳಿಗ್ಗೆ ಗೂಡು ಬರಿದಾಯಿತು. ಮೊಮ್ಮಗಳು ನಮ್ಮ ಮುಖ ನೋಡಿದಳು. ಅಷ್ಟರಲ್ಲಿ ಪಕ್ಕದ ಕರಿಬೇವಿನ ಗಿಡದಿಂದ ಮರಿಗಳ ಚಿಲಿಪಿಲಿ ಕೇಳಿಸಿತು. “ಹಾರಿ ಹೋದವು” ಎಂದೆವು. ಈ ಸಲ ಅದು ನಿಜವಾಗಿತ್ತು.