ಮೂರನೇ ಭಾನುವಾರ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಈಗ ಎಲ್ಲರಿಗೂ ಒಪ್ಪುವುದಿಲ್ಲ. ಕೆಲವರ ಜಗಳ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದವರೆಗೂ ಹೋಗುತ್ತದೆ. ಅಲ್ಲಿ ಕೌಟುಂಬಿಕ ನ್ಯಾಯಾಲಯ ಆದೇಶ ಕೊಟ್ಟ ಮೇಲಾದರೂ ಮುಗಿಯಬೇಕಲ್ಲ? ಎಷ್ಟೋ ಸಲ ಎರಡನೇ ಅಂಕ ಶುರುವಾಗುವುದೇ ಆಗ.

ಯಲಹಂಕದ ಕಡೆ ವಿಜ್ಞಾನ ಪಾಠ ಹೇಳುವ ನನಗೆ ಇದು ತಿಳಿದದ್ದು ಎಂಟನೇ ತರಗತಿಯ ಹುಡುಗನೊಬ್ಬನಿಂದ. ಅಮ್ಮ ಇಲ್ಲಿ, ಅಪ್ಪ ಯಶವಂತಪುರದಲ್ಲಿ. ತಿಂಗಳ ಮೊದಲ ಮತ್ತು ಮೂರನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹುಡುಗ ಅಪ್ಪನ ಜೊತೆ ಇರಬೇಕೆಂದು ಆದೇಶ. ಆದರೆ ಆ ಭಾನುವಾರಗಳಂದೇ ಜ್ವರ, ನೆಂಟರ ಮನೆಯ ಮದುವೆ, ಇಲ್ಲವೇ ಪರೀಕ್ಷೆಯ ಓದು! ಅಪ್ಪನೇನೂ ಕಡಿಮೆಯಲ್ಲ. ಐದಕ್ಕೆ ಬಿಡಬೇಕಾದವರು ಒಂಬತ್ತಕ್ಕೆ ಬಿಟ್ಟು ಹೆಬ್ಬಾಳದ ಫ್ಲೈಓವರ್ ಜಾಮ್ ಎನ್ನುತ್ತಿದ್ದರು. ಹೆಬ್ಬಾಳದ ಜಾಮನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಗಂಟೆ?

ಒಮ್ಮೆ ಸೋಮವಾರ ಅಪ್ಪ ಆದೇಶದ ಪ್ರತಿ ಹಿಡಿದು ಶಾಲೆಗೇ ಬಂದರು. ಹೆಡ್‌ಮಾಸ್ಟರರು ಎರಡು ಸಲ ಓದಿ, ‘ಸ್ವಾಮಿ, ಇದರಲ್ಲಿ ಸೋಮವಾರದ ಮಾತೇ ಇಲ್ಲವಲ್ಲ’ ಎಂದು ಕಾಫಿ ಕೊಟ್ಟು ಕಳಿಸಿದರು.

ಹುಡುಗ ಒಂದು ದಿನ ಲ್ಯಾಬಿನಲ್ಲಿ ಹೇಳಿದ: ‘ಅಪ್ಪನ ಜೊತೆ ಮಸಾಲೆದೋಸೆ ತಿಂದದ್ದು ಚೆನ್ನಾಗಿತ್ತು ಅಂತ ಮನೇಲಿ ಹೇಳಬಾರದು ಸಾರ್. ಅಮ್ಮ ಊಟ ಬಿಡ್ತಾರೆ.’ ಹದಿಮೂರರ ಹುಡುಗ ಸುಳ್ಳನ್ನು ಅಳೆದು ತೂಗಿ ಆಡುವುದನ್ನು ಕಲಿತಿದ್ದ.

ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. ಆದೇಶ ಜಾರಿಗೆ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಬೇಕೆಂದೇ ಮೀರಿದ್ದು ರುಜುವಾತಾದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಉಂಟು. ಆದರೆ ಅಮ್ಮನೋ ಅಪ್ಪನೋ ಜೈಲಿಗೆ ಹೋದರೆ ಮಗುವಿಗೆ ಸಿಕ್ಕಿದ್ದೇನು? ಇನ್ನು ವಿಳಂಬದ ಮಾತು. ಅಮೆರಿಕದಲ್ಲಿ ಹುಟ್ಟಿದ ಹುಡುಗನೊಬ್ಬನನ್ನು ತಾಯಿ 2020ರ ಮಾರ್ಚಿನಲ್ಲಿ ಬೆಂಗಳೂರಿಗೆ ಕರೆತಂದರು. ವಾಪಸ್ ಕಳಿಸಬೇಕೆಂದು ಅಲ್ಲಿನ ವಾಷಿಂಗ್ಟನ್ ರಾಜ್ಯದ ಕೋರ್ಟು ಹೇಳಿತು. ನಮ್ಮ ಸುಪ್ರೀಂ ಕೋರ್ಟು ಹಾಗೆಯೇ ಆದೇಶಿಸಿದ್ದು 2022ರ ಜುಲೈ 29ರಂದು. ಒಂಬತ್ತರ ಹುಡುಗ ಅಷ್ಟರಲ್ಲಿ ಹನ್ನೊಂದು ದಾಟಿದ್ದ. ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಅದೇ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿತ್ತು.

ಆದೇಶ ಹಿಡಿಸದಿದ್ದರೆ ಬದಲಿಸಿ ಎಂದು ಕೇಳಲು ಇಬ್ಬರಿಗೂ ಅವಕಾಶವಿದೆ. ಬದಲಾಗುವ ತನಕ ಪಾಲಿಸಬೇಕು, ಅಷ್ಟೆ. ನಮ್ಮ ಹುಡುಗನ ವಿಷಯದಲ್ಲೂ ಕೊನೆಗೆ ಆದದ್ದು ಅದೇ. ಸಂಜೆಯ ವೇಳೆ ಏಳಕ್ಕೆ ಹೋಯಿತು. ಹುಡುಗನನ್ನು ಒಪ್ಪಿಸುವುದು ಸೋದರಮಾವನ ಅಂಗಡಿಯಲ್ಲಿ. ಗಂಡ ಹೆಂಡತಿ ಎದುರಾಗಬೇಕಿಲ್ಲ. ಅಲ್ಲಿಂದೀಚೆಗೆ ತಪ್ಪಿದ್ದು ಒಂದೇ ಭಾನುವಾರ. ಅಂದು ಅವನಿಗೆ ನಿಜವಾಗಿಯೂ ಜ್ವರವಿತ್ತು. ಅಮ್ಮನೇ ಫೋನು ಮಾಡಿ, ಮುಂದಿನ ವಾರ ಕಳಿಸುತ್ತೇನೆ ಎಂದರಂತೆ.